ಒಂದೇ ಹಸಿರು

ವಿಜಯವಾಡದ ಆಸ್ಪತ್ರೆಯೊಂದರಲ್ಲಿ ನನ್ನ ಕೆಲಸ ಇಷ್ಟೇ: ಬಡಾವಣೆಗಳಲ್ಲಿ ನಾವು ಮಾಡುವ ಸಮೀಕ್ಷೆಗಳೆಲ್ಲ ಒಂದೇ ಥರ ಕಾಣಬೇಕು. ಹಾಳೆ, ಚೀಲ, ಮೇಲಂಗಿ ಎಲ್ಲಕ್ಕೂ ಒಂದೇ ಹಸಿರು, ಒಂದೇ ಲೋಗೊ. ನೋಡಿದ ಕೂಡಲೇ ಜನ ಗುರುತು ಹಿಡಿಯಬೇಕು ಅನ್ನುವುದು ಮೇಲಿನವರ ಹಟ.

ಹೇಗೆ ನಡೆದಿದೆ ನೋಡೋಣವೆಂದು ಒಂದು ದಿನ ನಾನೇ ಆ ಹಸಿರು ಮೇಲಂಗಿ ತೊಟ್ಟು ಭವಾನಿಪುರಂ ಬಡಾವಣೆಗೆ ಹೋದೆ. ಮೊದಲ ಮನೆಯ ಅಜ್ಜಿ ಬಾಗಿಲು ತೆಗೆದವರೇ ಮುಖವರಳಿಸಿ, ತೆಲುಗಿನಲ್ಲಿ, "ಬಾ ತಲ್ಲೀ, ಎಷ್ಟು ದಿನವಾಯ್ತು! ಅಮ್ಮನ ಮಂಡಿನೋವು ಹೇಗಿದೆ?" ಎಂದರು.

ಹಿಂದಿನ ಸಲ ಬಂದಿದ್ದ ಹುಡುಗಿ ನಾನೇ ಎಂದುಕೊಂಡಿದ್ದರು. ಅಲ್ಲ ಅನ್ನಬೇಕಿತ್ತು. ಆದರೆ ನಾನು ಈ ಊರಿಗೆ ಬಂದ ಮೇಲೆ ಅಮ್ಮ ಹೇಗಿದ್ದಾಳೆಂದು ಕೇಳಿದವರು ಇವರೊಬ್ಬರೇ. "ಈಗ ಪರವಾಗಿಲ್ಲ ಅಮ್ಮಮ್ಮಾ" ಅಂದುಬಿಟ್ಟೆ. ಮಜ್ಜಿಗೆ ಕೊಟ್ಟರು, ಕುಡಿದೆ. ಹೊರಡುವಾಗ, ಅಮ್ಮನನ್ನೂ ಒಮ್ಮೆ ಕರೆದುಕೊಂಡು ಬಾ ಅಂದರು.

ಜನ ನಮ್ಮನ್ನು ಚೆನ್ನಾಗಿ ಗುರುತಿಸುತ್ತಿದ್ದಾರೆ ಎಂದು ಆಫೀಸಿಗೆ ವರದಿ ಕಳಿಸಿದೆ.

ಸಂಜೆ ತುಮಕೂರಿಗೆ ಫೋನ್ ಮಾಡಿದಾಗ ಬಾಯಿಗೆ ಬಂದದ್ದೂ ಅದೇ ಮಾತು: "ಅಮ್ಮಾ, ಮಂಡಿನೋವು ಹೇಗಿದೆ?"

"ಮಂಡಿಯಲ್ಲ ಕಣೇ, ಸೊಂಟ" ಅಂದಳು ಅಮ್ಮ. "ಅಂತೂ ಕೇಳಿದೆಯಲ್ಲ."