ಬಾಸ್ಕ್ ಹೋಟೆಲಿನಲ್ಲಿ ಬಡಿಸುವವರು ಯಾರು?

ಗುಂಪಿನ ಮಿತ್ರರೇ, ಇವತ್ತು ಮಧ್ಯಾಹ್ನ ಆದದ್ದೇನೆಂದು ನನಗಿನ್ನೂ ಅರ್ಥವಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಹಳೇ ಪೇಟೆಯಲ್ಲಿ ಸ್ಪೇನ್-ಫ್ರಾನ್ಸ್ ಗಡಿ ಕಡೆಯಿಂದ ಬಂದ ಬಾಸ್ಕ್ ಜನರ ಎರಡು ಹೋಟೆಲುಗಳ ನಡುವೆ ನಿಂತು ನಾನೂ ಹೆಂಡತಿ ಸುಮಾಳೂ ಜಗಳವಾಡುತ್ತಿದ್ದೆವು.

“ಮೇಜಿಗೆ ಬಿಳಿ ಬಟ್ಟೆ ಹಾಸಿರೋ ಕಡೆ ಬೇಡ ಕಣ್ರೀ, ನೀವು ಸ್ಟಾರ್ಟಪ್ಪಿನ ಟೀ ಶರ್ಟಲ್ಲಿದ್ದೀರ,” ಎಂದಳು. ಸಾದಾ ಹೋಟೆಲಿಗೇ ನುಗ್ಗಿದೆವು.

ಅಲ್ಲಿ ಮೆನುವೇ ಇಲ್ಲ. ಅಪರಿಚಿತರು ಕೂತಿದ್ದ ಉದ್ದ ಮೇಜಿನ ತುದಿಗೆ ನಮ್ಮನ್ನು ಕೂರಿಸಿ, ಎದುರಿಗೆ ದೊಡ್ಡ ಪಾತ್ರೆ ತುಂಬ ತರಕಾರಿ ಸೂಪು, ಒಂದು ಸೌಟು ಇಟ್ಟು ಹೋದರು. ಪಂಕ್ತಿಯಲ್ಲಿ ಕೂತವರು ತಾವೇ ಬಡಿಸಿಕೊಳ್ಳುವುದುಂಟೇ? ಕಾದೆವು. ಸಾಲಿನವರೆಲ್ಲ ನಮ್ಮನ್ನೇ ನೋಡಿದರು. ನಾವು ನಕ್ಕೆವು, ಅವರೂ ನಕ್ಕರು. ಸೂಪಿನ ಹಬೆ ನಿಂತಿತು.

“ಊಟಕ್ಕೆ ಮುಂಚೆ ಏನೋ ಪ್ರಾರ್ಥನೆ ಇರ್ಬೇಕು,” ಎಂದು ಸುಮಾ ಪಿಸುಗುಟ್ಟಿದಳು.

ಕಡೆಗೆ ಪಕ್ಕದ ಅಜ್ಜ ಯಾರಿಗೆ ಕಾಯುತ್ತಿದ್ದೀರೆಂದು ಇಂಗ್ಲಿಷಿನಲ್ಲಿ ಕೇಳಿದ. ಬಡಿಸುವವರಿಗೆ ಎಂದೆ.

“ನಾವೂ ಅವರಿಗೇ ಕಾಯ್ತಿದ್ದೀವಿ. ಪಾತ್ರೆ ಯಾರ ಮುಂದಿದೆಯೋ ಅವರೇ!”

ನಾಚಿಕೆಯಾಗಿ ತಕ್ಷಣ ಎದ್ದೆ. ಪಾತ್ರೆ ಎತ್ತಿಕೊಂಡು ಸಾಲಿನುದ್ದಕ್ಕೂ ನಡೆದು, ಒತ್ತಾಯ ಮಾಡಿ ಎಲ್ಲರಿಗೂ ಬಡಿಸಿದೆ. ಅದೂ ತಪ್ಪಂತೆ, ಸ್ವಲ್ಪ ಹಾಕಿಕೊಂಡು ಪಾತ್ರೆಯನ್ನು ಪಕ್ಕಕ್ಕೆ ದಾಟಿಸಿದ್ದರೆ ಸಾಕಿತ್ತು.

ವಾಪಸ್ ಬಂದು ಕೂರುವಷ್ಟರಲ್ಲಿ ಆಚೆ ಮೇಜಿನವರು ನನ್ನನ್ನು ಕರೆದು ಬ್ರೆಡ್ ಕೇಳಿದರು. ತಂದುಕೊಟ್ಟೆ.