ಪದವಿಲ್ಲದ ಹಾಡಿನ ಹುಸೇನಣ್ಣ

ಬ್ರೂಸ್‌ಪೇಟೆಯ ಗದ್ದಲದ ನಡುವೆ, ದಾರಿಯಲ್ಲಿ ಹೋಗುವ ಗಿರಾಕಿಗಳನ್ನು ನಿಲ್ಲಿಸಿ ಹುಸೇನಣ್ಣ ಕೂಗಿ ಕೇಳುತ್ತಿದ್ದ ಪ್ರಶ್ನೆ ಒಂದೇ: “ನಿದ್ದಿ ಬರ್ತೈತಿಲ್ಲೋ?” ಅವನು ಹತ್ತಿ ಹಿಂಜಿ ಗಾದಿ ತುಂಬುವ ಪಿಂಜಾರ. ತನ್ನ ಗಾದಿಯ ಮೇಲೆ ಮಲಗಿದವರಿಗೆ ನಿದ್ದೆ ಬರುತ್ತದೋ ಇಲ್ಲವೋ ಎಂಬುದು ಅವನಿಗೆ ಊಟಕ್ಕಿಂತ ಮುಖ್ಯ. ಹೊಸದಾಗಿ ಮದುವೆಯಾದವರು ಆ ಪ್ರಶ್ನೆಗೆ ಹೆದರಿಯೇ ಪಕ್ಕದ ಗಲ್ಲಿ ಹಿಡಿಯುತ್ತಿದ್ದರು. ಹುಬ್ಬು, ಮೀಸೆ, ಕಿವಿಗಳ ಮೇಲೆಲ್ಲ ಹತ್ತಿಯ ಎಳೆ ಕೂತು ನಲವತ್ತರ ಮನುಷ್ಯ ಎಪ್ಪತ್ತರವನಂತೆ ಕಾಣುತ್ತಿದ್ದ. ಸಂಜೆ ಮುಖ ತೊಳೆದಾಗಷ್ಟೇ ನಿಜವಾದ ವಯಸ್ಸು ಹೊರಬರುತ್ತಿತ್ತು.

ಅದು ಎಪ್ಪತ್ತರ ದಶಕ. ನಾನು ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಅವನ ಅಂಗಡಿಯ ಎದುರಿನ ಮಾಳಿಗೆಯ ಮೇಲೆ ನನ್ನ ಬಾಡಿಗೆ ಕೋಣೆ. ಬೆಳಗಾದರೆ ಹತ್ತಿ ಹಿಂಜುವ ಬಿಲ್ಲಿನ ಟುಂಯ್ ಟುಂಯ್, ಸಂಜೆಯಾದರೆ ಗಿಟಾರು. ಹೌದು, ಗಿಟಾರೇ. ಕಂಟೋನ್ಮೆಂಟಿನ ರೈಲ್ವೆ ಕುಟುಂಬವೊಂದು ಊರು ಬಿಡುವಾಗ ಹಳೆಯ ಗಾದಿಗಳ ಜೊತೆಗೆ ಅದನ್ನೂ ಇವನ ಕೈಯಲ್ಲಿಟ್ಟು ಹೋಗಿತ್ತು. ದಪ್ಪ ದನಿಯ ತಂತಿ ಹರಿದಿತ್ತು. ಅಲ್ಲಿಗೆ ಇವನು ತನ್ನ ಬಿಲ್ಲಿಗೆ ಕಟ್ಟುವ ಕುರಿಯ ನರವನ್ನೇ ಬಿಗಿದಿದ್ದ. ಉಳಿದ ತಂತಿಗಳು ಚುರುಕಾಗಿ ಮಾತಾಡಿದರೆ ಅದೊಂದು ಗಂಟಲು ಕಟ್ಟಿದವರ ಹಾಗೆ ಗುಂಯ್ ಎನ್ನುತ್ತಿತ್ತು. ಕಲಿಸಿದವರು ಯಾರೂ ಇಲ್ಲ. ಚಕ್ಕಳಬಕ್ಕಳ ಹಾಕಿ ಕೂತು ಹೆಬ್ಬೆರಳೊಂದರಲ್ಲೇ ಮೀಟುತ್ತಿದ್ದ.

ಅದಕ್ಕೂ ಮೊದಲು ಅವನು ಹಾಡುಗಾರ. ಮೊಹರಂ ಬಂತೆಂದರೆ ಕೆಂಚನಗುಡ್ಡದವರು ಬಂಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರಂತೆ. ಅಲ್ಲಿ ಅವನು ಹಾಡಿದ ಪದ ಕೇಳಿಯೇ ಕಾಸಿಂಬಕ್ಕ ಅವನನ್ನು ಮದುವೆಯಾಗಲು ಒಪ್ಪಿದ್ದು. ಆಮೇಲೆ ಹತ್ತಿಯ ಧೂಳು ಎದೆಗಿಳಿದು ದನಿ ಹೋಯಿತು. ನಾನು ಕಂಡಾಗ ಎರಡು ಮಾತಿಗೊಮ್ಮೆ ಕೆಮ್ಮು. ಕಸುಬು ಬಿಡು ಎಂದ ಡಾಕ್ಟರಿಗೆ, ಬಿಟ್ಟು ನಿಮ್ಮ ಗುಳಿಗೆ ತಿಂದು ಬದುಕಲೇನು ಎಂದು ಕೇಳಿ ಎದ್ದು ಬಂದಿದ್ದ.

ದನಿ ಹೋದಾಗ ಆದ ಸಂಕಟವನ್ನು ಅವನು ಯಾರ ಮುಂದೆಯೂ ಅತ್ತು ಹೇಳಿಕೊಳ್ಳಲಿಲ್ಲ. ಆದರೆ ತನ್ನಲ್ಲಿ ಇನ್ನೂ ಏನಾದರೂ ಉಳಿದಿದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಅವನನ್ನು ಒಳಗೇ ತಿನ್ನುತ್ತಿತ್ತು. ಚೆನ್ನಾಗಿ ಬಾರಿಸುತ್ತೀಯ ಎಂದು ನಾನೆಷ್ಟು ಹೇಳಿದರೂ ಒಪ್ಪುತ್ತಿರಲಿಲ್ಲ. “ನಿಮಗ ನಾ ಬೇಕಾದಾವ, ಅದಕ್ಕ ಚಲೋ ಅಂತೀರಿ. ನಾ ಯಾರಂತ ಗೊತ್ತಿಲ್ಲದಾವ ಕೇಳಿ ಹೇಳಬೇಕ್ರಿ ಮಾಸ್ತರ್ರ,” ಎನ್ನುತ್ತಿದ್ದ.

ಅಂಥವರನ್ನು ಹುಡುಕಿಕೊಂಡು ನಾವು ಮೊದಲು ಹೋದದ್ದು ಪಾರ್ವತಿನಗರದ ಗಣಪತಿ ಪೆಂಡಾಲಿಗೆ. ಅಲ್ಲಿನ ಹುಡುಗರು ಒಂದು ಸಂಜೆ ಮೈಕನ್ನು ಊರಿಗೇ ಬಿಟ್ಟುಕೊಟ್ಟಿದ್ದರು. ಯಾರು ಬೇಕಾದರೂ ಬಂದು ಹಾಡಬಹುದು, ಬಾರಿಸಬಹುದು. ಹುಸೇನಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಾನೇ ಕಟ್ಟಿದ ಒಂದು ಮಟ್ಟನ್ನು ಬಾರಿಸಿದ. ಜನ ಎಷ್ಟು ಗಪ್ಪಾಗಿ ಕೂತಿದ್ದರೆಂದರೆ ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಮುಗಿಸಿ ಕೈ ಮುಗಿದ. ಒಂದು ಚಪ್ಪಾಳೆಯೂ ಇಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು ಬಹಳ ಮರ್ಯಾದೆಯಿಂದ ಕೇಳಿದರು: “ಶ್ರುತಿ ಕೂಡ್ತೇನ್ರಿ? ಇನ್ನ ಪದ ಶುರು ಮಾಡ್ರಿ.”

ಅವರ ತಪ್ಪೂ ಅಲ್ಲ. ತಂತಿ ಮೀಟಿದ ಮೇಲೆ ಪದ ಬರಬೇಕು, ಇದು ನಮ್ಮ ಸೀಮೆಯವರು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಕ್ರಮ. ಪಾಪ, ಅಷ್ಟೂ ಹೊತ್ತು ಅವನು ಶ್ರುತಿ ಹಚ್ಚುತ್ತಿದ್ದಾನೆಂದು ತಾಳ್ಮೆಯಿಂದ ಕಾದಿದ್ದರು. ಪೆಂಡಾಲಿನಲ್ಲಿ ನಗೆ ಎದ್ದಿತು. ಹುಸೇನಣ್ಣನೂ ನಕ್ಕ, ನಗುತ್ತಲೇ ಕೆಮ್ಮಿದ.

ಹಾದಿ ತೋರಿಸಿದ್ದು ಕಾಸಿಂಬಕ್ಕ. ಜನಕ್ಕೆ ಗೊತ್ತಿರುವ ಪದವನ್ನೇ ಬಾರಿಸಿದರೆ ಶ್ರುತಿ ಅನ್ನಲಾರರು ಎಂಬುದು ಅವಳ ಲೆಕ್ಕಾಚಾರ. ಇವನು ನಮ್ಮ ಕಡೆ ಮಕ್ಕಳಿಗೂ ಬರುವ ಒಂದು ತತ್ವಪದ ಆರಿಸಿಕೊಂಡ. ಬೇಸಿಗೆಯೆಲ್ಲ ಅದನ್ನೇ ತಿದ್ದಿದ. ಪದದ ನಡುವೆ ಒಂದು ಕಡೆ, ಸಣ್ಣ ದನಿಯ ತಂತಿಯಿಂದ ಮೆಲ್ಲಗೆ ಜಾರುತ್ತ ಜಾರುತ್ತ ಆ ಗುಂಯ್ ಎನ್ನುವ ನರದವರೆಗೆ ಇಳಿಯುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು ‘ಇಳಿಜಾರು’. ಪದ ಎಲ್ಲರದು, ಇಳಿಜಾರು ಮಾತ್ರ ನಂದು ಎಂದು ಮಕ್ಕಳ ಹಾಗೆ ಹೇಳಿಕೊಳ್ಳುತ್ತಿದ್ದ. ನಾನು ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರೂ ಆ ಜಾಗ ಬಂದಾಗ ಪೆನ್ನು ತಾನಾಗಿ ನಿಲ್ಲುತ್ತಿತ್ತು.

ಕುರುಗೋಡಿನಲ್ಲಿ ನನ್ನ ಗೆಳೆಯರ ಸಂಘದವರು ಒಂದು ಸಂಜೆ ಬಸ್ ನಿಲ್ದಾಣದ ಹತ್ತಿರದ ಬಯಲಲ್ಲಿ ಮೈಕ್ ಹಾಕಿಸಿದ್ದರು. ಊರವರು, ಪರವೂರವರು, ಯಾರು ಬೇಕಾದರೂ ಬರಬಹುದಿತ್ತು. ಹುಸೇನಣ್ಣ ಮೊದಲ ಸಾಲು ಮುಗಿಸುವುದರೊಳಗೆ ಒಬ್ಬ ಅಜ್ಜಿ ಪದ ಎತ್ತಿಕೊಂಡಳು. ಎರಡನೇ ಸಾಲಿಗೆ ಹೆಂಗಸರೆಲ್ಲ ಸೇರಿದರು, ಆಮೇಲೆ ಇಡೀ ಬಯಲು. ಚಪ್ಪಾಳೆ, ಸಿಳ್ಳೆ. ಮತ್ತೊಮ್ಮೆ ಅಂದರು, ಮತ್ತೊಮ್ಮೆ ಬಾರಿಸಿದ. ಕೊನೆಗೆ ಶಾಲು ಹೊದಿಸಿದರು. ನಮ್ಮವನು ಗೆದ್ದ ಎಂದು ನಾನು ಕುಣಿಯುವುದೊಂದು ಬಾಕಿ.

ಬಳ್ಳಾರಿಯ ಬಸ್ಸಿನಲ್ಲಿ ಅವನು ಶಾಲನ್ನು ಮಡಚಿ ಮಡಚಿ ಅಂಗೈಯಗಲ ಮಾಡಿದ. “ಅವರ ಪದ ಅವರು ಹಾಡ್ಕೊಂಡ್ರು ಮಾಸ್ತರ್ರ. ಇಳಿಜಾರು ಯಾರಿಗೂ ಕೇಳಲಿಲ್ಲ,” ಅಂದ. ನಾನೂ ಬಾಯಿ ತುಂಬ ಹಾಡಿದವನೇ.

ಅದಾದ ಮೇಲೆ ಅವನು ಮೈಕಿನ ಸುದ್ದಿ ಎತ್ತಲಿಲ್ಲ. ಚಳಿಗಾಲದಲ್ಲಿ ಎದೆ ತೀರ ಕೆಟ್ಟಿತು. ಹತ್ತಿಯ ಧೂಳಿಲ್ಲದ ಕಡೆ ಇರಲಿ ಎಂದು ಕಾಸಿಂಬಕ್ಕ ಅಂಗಡಿಗೆ ಬೀಗ ಹಾಕಿ, ಸಿರುಗುಪ್ಪದಲ್ಲಿದ್ದ ತನ್ನ ಅಕ್ಕನ ಮನೆಗೆ ಕರೆದುಕೊಂಡು ಹೋದಳು. ಒಂದು ಭಾನುವಾರ ನೋಡಲು ಹೋದೆ. ಹುಬ್ಬಿನ ಮೇಲೆ ಹತ್ತಿಯಿಲ್ಲದ ಅವನ ಮುಖ ನೋಡಲು ನನಗೆ ಕಷ್ಟವಾಯಿತು. ಗಿಟಾರು ಗೋಡೆಗೆ ಒರಗಿತ್ತು. ಬಾರಿಸು ಎನ್ನುವ ಧೈರ್ಯ ಬರಲಿಲ್ಲ. ಮಾತಿಗೆ ಮೊದಲು ಉಸಿರು ಕೂಡಿಸಿಕೊಳ್ಳುತ್ತ ಅವನೇ ಹೇಳಿದ: “ದನಿ ಇದ್ದಾಗ ಮಂದಿ ಪದ ಕೇಳಿದ್ರು. ದನಿ ಹೋದಮ್ಯಾಲೂ ಪದಾನೇ ಕೇಳಿದ್ರು. ನನ್ನದಂತ ಏನೂ ಇದ್ದಿದ್ದಿಲ್ಲ ಅನಸ್ತೈತ್ರಿ.” ಹಾಗಲ್ಲ ಎಂದು ನಾನು ಎಷ್ಟೋ ಹೇಳಿದೆ. ನನ್ನ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ, ಯಾಕೆಂದರೆ ನಾನು ಅವನಿಗೆ ಬೇಕಾದವನು. ಅದೇ ಕೊನೆಯ ಭೇಟಿ. ಮುಂದಿನ ವಾರ ಹುಸೇನಣ್ಣ ತೀರಿಕೊಂಡ. ಸಿರುಗುಪ್ಪದಲ್ಲೇ ಮಣ್ಣು ಮಾಡಿದರು.

ತಿಂಗಳು ಕಳೆದಿರಬೇಕು. ಮುಚ್ಚಿದ ಅಂಗಡಿಯ ಮುಂದೆ ನಿಂತು ಯಾರೋ ಬಾಗಿಲು ಬಡಿಯುತ್ತಿದ್ದರು. ಇಳಿದು ಹೋಗಿ ವಿಚಾರಿಸಿದೆ. ಆದೋನಿ ಕಡೆಯ ತೆಲುಗಿನವನು, ಲಾರಿ ಡ್ರೈವರು. ಹೆಸರು ವೆಂಕಟೇಶ್ವರ್ಲು. ಕುರುಗೋಡಿನಲ್ಲಿ ಅವತ್ತು ಚಹಾ ಕುಡಿಯಲು ಲಾರಿ ನಿಲ್ಲಿಸಿದ್ದನಂತೆ. ಬಾರಿಸಿದವನು ಬ್ರೂಸ್‌ಪೇಟೆಯ ಗಾದಿಯವನು ಎಂದಷ್ಟೇ ಅಲ್ಲಿ ಯಾರೋ ಹೇಳಿದ್ದರು. “ಪದ ನನಗ ಅರ್ಥ ಕಾಲೇದು ಸಾರ್, ತಿಳೀಲಿಲ್ಲ, ಅದಕ್ಕ ವಾದ್ಯ ಒಂದೇ ಕೇಳ್ತಾ ನಿಂತಿದ್ದೆ. ಮಧ್ಯದಾಗ ಒಂದು ಕಡಿ ಕೆಳಗ ಇಳೀತೈತಿ ನೋಡ್ರಿ, ಅದು ಬಂದಾಗ ಕಣ್ಣಾಗ ನೀರು ಬಂತು. ಆ ಮಂದಿ ಸುಮ್ಮನಿದ್ರ ಎಷ್ಟು ಚೆನ್ನಾಗಿರ್ತಿತ್ತು,” ಅಂದ. ಅದೊಂದನ್ನು ಇನ್ನೊಮ್ಮೆ ಕೇಳಿ ಹೋಗಬೇಕೆಂದು ಬಂದಿದ್ದ.

ಹುಸೇನಣ್ಣ ತೀರಿಕೊಂಡ ಸುದ್ದಿ ಹೇಳಿದೆ. ಅವನು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಲಾರಿ ಭತ್ತ ತುಂಬಲು ಸಿರುಗುಪ್ಪಕ್ಕೇ ಹೊರಟಿತ್ತು. ನಾನೂ ಹತ್ತಿದೆ.

ಕಾಸಿಂಬಕ್ಕ ಕೌದಿ ಹೊಲಿಯುತ್ತ ಕೂತಿದ್ದಳು. ವೆಂಕಟೇಶ್ವರ್ಲು ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿದ. ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ, ತಲೆ ಎತ್ತದೆ ಕೇಳಿಸಿಕೊಂಡಳು.

“ನನಗ ಹೇಳಿ ಏನ್ ಮಾಡ್ತೀರಣ್ಣ, ನಾ ಅವರ ಹೆಂಡ್ತಿ,” ಅಂದಳು. “ಗೊತ್ತಿಲ್ಲದಾವ್ರು ಕೇಳಿ ಹೇಳ್ಲಿ ಅಂತ ಕಾದಿದ್ದವರು ಅವರು. ಅವರ ಮುಂದ ಹೇಳಿ ಹೋಗ್ರಿ.”

ಖಬರಸ್ತಾನಕ್ಕೆ ನಾನೇ ಕರೆದುಕೊಂಡು ಹೋದೆ. ಅವನು ಚಪ್ಪಲಿ ಬಿಟ್ಟ. ಕೈ ಮುಗಿಯಬೇಕೋ ಬಿಡಬೇಕೋ ತಿಳಿಯದೆ, ತಲೆ ಯಾವ ಕಡೆ ಎಂದು ನನ್ನನ್ನು ಕೇಳಿದ. ತೋರಿಸಿದೆ. ಆ ಕಡೆ ಹೋಗಿ, ಕಿವಿ ಮಂದವಾದ ಹಿರಿಯರೊಡನೆ ಮಾತಾಡುವವನ ಹಾಗೆ ಬಗ್ಗಿ, ನಾನು ಕೇಳಿದೆನಯ್ಯಾ ಎಂದು ತನ್ನ ಭಾಷೆಯಲ್ಲಿ ಹೇಳಿದ.

“ನೇನು ವಿನ್ನಾನಯ್ಯಾ.”

ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅವನು ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಬಗ್ಗಿ, ಪೂರ್ತಿ ಕೇಳಿದೆ ಎಂದು ಈ ಸಲ ಸ್ವಲ್ಪ ಜೋರಾಗಿಯೇ ಹೇಳಿದ.

“ಮೊತ್ತಂ ವಿನ್ನಾನು.”