ಸ್ಟಡಿ ಡಾಕ್ಟರರ ಅಕ್ಕನ ಮಂಡಿ

ಮೂಳೆ ಡಾಕ್ಟರರಿಗೆ ಆಸ್ಪತ್ರೆಯವರೆಲ್ಲ ಸೇರಿ ಇಟ್ಟ ಹೆಸರು ಸ್ಟಡಿ ಡಾಕ್ಟರು. ಯಾರು ಏನೇ ಕೇಳಲಿ, "ಇದಕ್ಕೆ ಸ್ಟಡಿಗಳಿವೆ" ಎನ್ನುವುದು ಅವರ ಮೊದಲ ಮಾತು. ಎಷ್ಟೋ ಸಲ ಕೊನೆಯ ಮಾತೂ ಅದೇ. ಕ್ಯಾಂಟೀನಿನ ಕಾಫಿ ಚೆನ್ನಾಗಿಲ್ಲ ಎಂದು ಗೊಣಗಿದವರಿಗೂ ಕಾಫಿಯ ಮೇಲಿನ ಸ್ಟಡಿಯೊಂದನ್ನು ಹೇಳಿ ಬಾಯಿ ಮುಚ್ಚಿಸಿದ್ದರು. ಪಾಪ, ಸುಳ್ಳು ಹೇಳುವ ಮನುಷ್ಯರಲ್ಲ. ನಿಜವಾಗಿಯೂ ಹುಡುಕುತ್ತಿದ್ದರು. ಹುಡುಕುವ ರೀತಿಯನ್ನು ಮಾತ್ರ ಕೇಳಬೇಡಿ.

ಒಬ್ಬ ರೋಗಿ ಹೊರಗೆ ಹೋಗಿ ಇನ್ನೊಬ್ಬ ಕುಂಟುತ್ತಾ ಒಳಗೆ ಬರುವಷ್ಟರಲ್ಲಿ ಅವರ ಹುಡುಕಾಟ ಮುಗಿಯಬೇಕು. ವೈದ್ಯಕೀಯ ಲೇಖನಗಳ ಡೇಟಾಬೇಸ್ ತೆರೆದು, ತಾವು ವಾರವಾರವೂ ಮಾಡುವ, ಸಣ್ಣ ತೂತಿನಿಂದ ಮಂಡಿ ಸರಿಮಾಡುವ ಕೀಹೋಲ್ ಆಪರೇಷನ್ನಿನ ಹೆಸರು ಬರೆದು, ಪಕ್ಕದಲ್ಲಿ "ಒಳ್ಳೆಯ ಫಲಿತಾಂಶ" ಎಂದು ಸೇರಿಸುವರು. ಒಳ್ಳೆಯದನ್ನು ಕೇಳಿದವರಿಗೆ ಕಂಪ್ಯೂಟರು ಒಳ್ಳೆಯದನ್ನೇ ಕೊಡುತ್ತದೆ, ಅದರ ಗಂಟೇನು ಹೋಗಬೇಕು? ಸಾವಿರಾರು ಲೇಖನಗಳು ಬಂದು ಬೀಳುವವು. ಡಾಕ್ಟರರು ಮೊದಲ ಪುಟ ದಾಟರು. ಅದರಲ್ಲೂ ಪುಕ್ಕಟೆ ಸಿಗುವುದನ್ನಷ್ಟೇ ತೆರೆಯುವರು, ತೆರೆದರೂ ಸಾರಾಂಶದ ಕೊನೆಯ ಸಾಲನ್ನಷ್ಟೇ ಓದುವರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯಿದೆ. ಇಲ್ಲಿ ಬಯಸುವವರೂ ಹೇಳುವವರೂ ಡಾಕ್ಟರರೇ ಆಗಿದ್ದರು.

ಹೀಗಿರುವಾಗ ಅವರ ಅಕ್ಕನ ಬಲಮಂಡಿ ನೋಯತೊಡಗಿತು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಾಗ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆಕೆ. ಈಗ ಇರುವುದು ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ಡಾಕ್ಟರರು ಅಕ್ಕನ ಮಂಡಿಯ ಸ್ಕ್ಯಾನ್ ನೋಡಿದರು.

"ಒಳಗಿನ ಮೆತ್ತೆ ಸವೆದು ಹರಿದಿದೆ ಅಕ್ಕ. ಸಣ್ಣ ತೂತು ಮಾಡಿ ಸರಿ ಮಾಡ್ತೀನಿ. ಸೋಮವಾರವೇ ಮಾಡಿಬಿಡೋಣ."

ಅಕ್ಕನಿಗೆ ಸೂಜಿ ಕಂಡರೇ ಜೀವ ಹೋಗುತ್ತದೆ. "ಮಾಡಿಸ್ಕೊಳ್ಳದೇ ಇದ್ರೆ ಏನಾಗುತ್ತೋ?" ಎಂದಳು.

"ಮಾಡಿಸ್ಕೊಂಡವರಿಗೆಲ್ಲ ಚೆನ್ನಾಗಾಗಿದೆ. ಸ್ಟಡಿಗಳಿವೆ."

"ಅದು ಸರಿ ಕಣೋ. ಮಾಡಿಸ್ಕೊಳ್ಳದೇ ಇದ್ದವರ ಕಥೆ ಏನು?"

"ಅವರು ಕುಂಟ್ತಾ ಇರ್ತಾರೆ."

"ಇರ್ತಾರೆ ಅಂದ್ರೆ? ನೋಡಿದ್ದೀಯಾ?"

ನೋಡಿರಲಿಲ್ಲ. ಆದರೆ ಅದನ್ನು ಒಪ್ಪಿಕೊಂಡರೆ ಡಾಕ್ಟರಿಕೆ ಏನಾಗಬೇಕು? ಭಾನುವಾರ ಊಟ ಮುಗಿಸಿದವರೇ ಅಕ್ಕನಿಗೆ ಸಾಕ್ಷಿ ತೋರಿಸಿಯೇ ಬಿಡುತ್ತೇನೆಂದು ಕಂಪ್ಯೂಟರಿನ ಮುಂದೆ ಕುಳಿತರು. ಕುಂಟುವವರನ್ನು ಹುಡುಕಬೇಕಾದ್ದರಿಂದ "ಒಳ್ಳೆಯ" ಎಂಬ ಪದವನ್ನು ಅಳಿಸಲೇಬೇಕಾಯಿತು. ಪರೀಕ್ಷೆಗೆಂದು ಕಲಿತು, ಪರೀಕ್ಷೆಯ ಮರುದಿನವೇ ಮರೆತಿದ್ದ ಪಾಠ ಆಗ ನೆನಪಿಗೆ ಬಂತು: ರೋಗಿ ಎಂಥವರು, ಏನು ಮಾಡಿದರು, ಯಾವುದಕ್ಕೆ ಹೋಲಿಸಿದರು, ಕೊನೆಗೆ ಏನಾಯಿತು. ನಡುವಯಸ್ಸು ದಾಟಿದವರ ಸವೆದ ಮಂಡಿ, ಕೀಹೋಲ್ ಆಪರೇಷನ್, ಅದರ ಎದುರಿಗೆ ಬರೀ ವ್ಯಾಯಾಮ, ವರುಷದ ನಂತರ ನೋವು ಮತ್ತು ನಡಿಗೆ. ಒಂದೊಂದಕ್ಕೂ ಇರುವ ಬೇರೆ ಬೇರೆ ಹೆಸರುಗಳನ್ನೂ ಸೇರಿಸಿದರು. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗಗಳಷ್ಟೇ ಸಾಕೆಂದರು. ಸಾವಿರಾರು ಇದ್ದದ್ದು ಒಂದು ಮಧ್ಯಾಹ್ನದಲ್ಲಿ ಓದಬಹುದಾದಷ್ಟಕ್ಕೆ ಇಳಿಯಿತು. ಓದಿದರು, ಕೋಷ್ಟಕಗಳನ್ನೂ ಬಿಡದೆ.

ವ್ಯಾಯಾಮ ಮಾಡಿದವರು ಕುಂಟುತ್ತಿರಲಿಲ್ಲ. ವರುಷದ ನಂತರ ಅವರೂ ಆಪರೇಷನ್ ಆದವರೂ ಹೆಚ್ಚುಕಡಿಮೆ ಒಂದೇ ಥರ ನಡೆಯುತ್ತಿದ್ದರು. ಒಂದು ಪ್ರಯೋಗದಲ್ಲಂತೂ ಕೆಲವರಿಗೆ ಒಳಗೇನೂ ಮಾಡದೆ, ಚರ್ಮಕ್ಕಷ್ಟೇ ಗೀರು ಹಾಕಿ ಕಳಿಸಿದ್ದರು. ಅವರಿಗೂ ಅಷ್ಟೇ ಗುಣವಾಗಿತ್ತು! ಡಾಕ್ಟರರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಪದ ಬದಲಿಸಿ ಮತ್ತೆ ಹುಡುಕಿದರು, ಇನ್ನೊಮ್ಮೆಯೂ ಹುಡುಕಿದರು. ಹಾಳಾದ ಮೊಲ ನಾಲ್ಕು ಕಾಲಿನ ಮೇಲೆಯೇ ನಿಂತಿತ್ತು.

ಸೋಮವಾರ ಬೆಳಿಗ್ಗೆ ಅಕ್ಕ ಹಸಿರು ಗೌನು ತೊಟ್ಟು, ತಲೆಗೆ ಟೋಪಿ ಹಾಕಿಕೊಂಡು ವಾರ್ಡಿನಲ್ಲಿ ಮಲಗಿದ್ದಳು. ಡಾಕ್ಟರರು ಸ್ಟೂಲು ಎಳೆದುಕೊಂಡು ಕುಳಿತರು.

"ಅಕ್ಕ, ಆಪರೇಷನ್ ಬೇಡ. ವ್ಯಾಯಾಮ ಹೇಳಿಕೊಡೋರ ಹತ್ರ ಕಳಿಸ್ತೀನಿ, ತಪ್ಪಿಸದೇ ಮಾಡು. ನಿನಗೋಸ್ಕರ ನಿನ್ನೆ ಮಧ್ಯಾಹ್ನವೆಲ್ಲ ಕೂತು ಹುಡುಕಿದ್ದೀನಿ."

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ತಮ್ಮನ ಕೈ ಹಿಡಿದು ಅತ್ತೇಬಿಟ್ಟಳು. ಡಾಕ್ಟರರಿಗೂ ತಮ್ಮ ಬಗ್ಗೆ ತಮಗೇ ಹೆಮ್ಮೆಯೆನಿಸಿತು. ಪಕ್ಕದ ಹಾಸಿಗೆಯಲ್ಲಿ, ಇನ್ನೊಂದು ಹಸಿರು ಗೌನಿನಲ್ಲಿ, ಹೊಲಿಗೆ ಕೆಲಸದ ಹೆಂಗಸೊಬ್ಬಳು ಮೊಣಕೈ ಊರಿ ಎದ್ದು ಕುಳಿತಳು.

"ಡಾಕ್ಟ್ರೇ, ನಂದೂ ಇದೇ ಥರದ ಮಂಡಿ ಅಂತ ನೀವೇ ಹೇಳಿದ್ರಿ. ನಾನೂ ಮನೆಗೆ ಹೋಗ್ಲಾ?"

ನಿನ್ನೆ ಅಷ್ಟು ಹೊತ್ತು ಓದುವಾಗ ಈಕೆಯ ಮುಖ ಒಮ್ಮೆಯೂ ನೆನಪಾಗಿರಲಿಲ್ಲ. ಡಾಕ್ಟರರಿಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ. ಸ್ಟೂಲನ್ನು ಆ ಕಡೆಗೆ ತಿರುಗಿಸಿದರು.

"ಹೋಗಿ ಅಮ್ಮ. ನಿಮಗೂ ಬೇಡ."

ಅಕ್ಕ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ತಮ್ಮನ ಕಡೆ ತಿರುಗಿ ಕೇಳಿದಳು:

"ಹೋದ ವಾರ ಇದೇ ಥರದ ಮಂಡಿಯವರನ್ನ ಕುಯ್ದು ಕಳಿಸಿದ್ಯಲ್ಲ, ಅವರಿಗೇನು ಹೇಳ್ತೀಯೋ?"